ಹಿಂದಿನ ಸೇವಕರ ಮೇಲೆ ದೂರು ಬಂದಾಗ



ಬೇಸಿಗೆಯ ರಜೆ ಬಂತೆಂದರೆ ಉಡುಪಿ, ಕಾಸರಗೋಡು, ಬಂಟ್ವಾಳ ಈ ಮೂರು ಕಡೆಯ ದಾರಿಗಳು ಕೂಡುವ ನಮ್ಮ ಪಂಪ್‌ವೆಲ್‌ನಲ್ಲಿ ಚೀಲವನ್ನೂ ಸತ್ಯವೇದವನ್ನೂ ಹಿಡಿದ ಮಕ್ಕಳು ಶಿಬಿರದ ಬಸ್ಸಿಗಾಗಿ ಕಾದು ನಿಲ್ಲುವುದನ್ನು ನೀವೆಲ್ಲರೂ ಕಂಡಿದ್ದೀರಿ. ಇಂಥ ಶಿಬಿರಗಳಿಂದ ನಮ್ಮ ಹುಡುಗಿಯರಿಗೆ ಆದ ಪ್ರಯೋಜನವು ಅಲ್ಪವಲ್ಲ. ಮನೆಯಲ್ಲಿ ಬಾಯಿ ಬಿಡದವಳು ಅಲ್ಲಿ ನಾಲ್ಕು ಜನರ ಮುಂದೆ ನಿಂತು ಹಾಡಲು ಕಲಿತು ಬಂದುದುಂಟು. ಆದುದರಿಂದ ಶಿಬಿರಗಳು ಬೇಡವೆಂದು ಹೇಳುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಶಿಬಿರದಲ್ಲಿ ಸೇವೆ ಮಾಡಿ ಬಿಟ್ಟುಹೋದವನೊಬ್ಬನು ಮಕ್ಕಳ ಮೇಲೆ ದೌರ್ಜನ್ಯ ನಡಿಸಿದನೆಂದು ದೂರು ಬಂದರೆ ಅದರ ಮೇಲ್ವಿಚಾರಕರು ಏನು ಮಾಡತಕ್ಕದ್ದು, ಮಾಡದೆ ಇದ್ದರೆ ಏನಾಗುವುದು ಎಂಬುದನ್ನು ಅರಿತುಕೊಳ್ಳುವುದಕ್ಕೆ ನಡೆದ ಒಂದು ಸಂಗತಿಯನ್ನೇ ಪಾಠವಾಗಿ ನಿಮ್ಮ ಮುಂದಿಡುತ್ತೇವೆ. ಅದು ದೂರದ ಇಂಗ್ಲೆಂಡಿನದು. ಆದರೆ ಅಲ್ಲಿಯವರು ಮೌನಕ್ಕೆ ಕೊಟ್ಟ ಕಾರಣಗಳನ್ನು ಓದುವಾಗ ನಮ್ಮ ಊರಿನ ಕಮಿಟಿಯವರ ಮಾತನ್ನೇ ಕೇಳಿದಂತಾಗುವುದು.

ಡಾರ್ಸೆಟ್ ಸೀಮೆಯ ಯೂವರ್ನ್ ಎಂಬ ಗ್ರಾಮದ ಹೆಸರಿನಿಂದ ಪ್ರಸಿದ್ಧವಾದ ಕ್ರೈಸ್ತ ಶಿಬಿರಗಳು 1930ರ ದಶಕದಲ್ಲಿ ಪ್ರಾರಂಭವಾದುವು. ದೇಶದ ಶ್ರೇಷ್ಠ ಶಾಲೆಗಳ ಹುಡುಗರು ಮಾತ್ರ ಅಲ್ಲಿಗೆ ಬರುತ್ತಿದ್ದರು. ಅವರಲ್ಲಿ ಹಲವರು ಮುಂದೆ ಸಭಾಪಾಲಕರೂ ಬಿಷಪರೂ ಆದರು. 1970ರ ದಶಕದಲ್ಲಿ ಈ ಕೆಲಸದ ವಿಶ್ವಸ್ತ ಮಂಡಳಿಗೆ ಅಧ್ಯಕ್ಷನಾಗಿದ್ದವನು ಜಾನ್ ಸ್ಮೈತ್ ಎಂಬ ಹೆಸರಾಂತ ಬಾರಿಸ್ಟರನು. ಇವನು ವಿಂಚೆಸ್ಟರ್ ಪಟ್ಟಣದ ತನ್ನ ಮನೆಗೆ ಹುಡುಗರನ್ನು ಊಟಕ್ಕೆ ಕರೆದು, ಅವರ ಪಾಪಗಳನ್ನು ವಿಚಾರಿಸಿ, ಅವುಗಳಿಗೆ ಪ್ರಾಯಶ್ಚಿತ್ತವೆಂದು ಹೇಳಿ, ತೋಟದ ಕೊಟ್ಟಿಗೆಯೊಂದರಲ್ಲಿ ಬಟ್ಟೆ ಕಳಚಿಸಿ ಬೆತ್ತದಿಂದ ರಕ್ತ ಬರುವ ತನಕ ಹೊಡೆಯುತ್ತಿದ್ದನು. 1982ರಲ್ಲಿ ಇದನ್ನು ಇನ್ನು ತಾಳಲಾರೆನೆಂದು ಒಬ್ಬ ಯುವಕನು ಪ್ರಾಣ ಕಳೆದುಕೊಳ್ಳಲು ಯತ್ನಿಸಿದ ಮೇಲೆ ಶಿಬಿರದ ಹಿರಿಯರು ಎಚ್ಚತ್ತರು. ರಸ್ಟನ್ ಎಂಬ ಪಾದ್ರಿಯವರು ಹುಡುಗರನ್ನು ವಿಚಾರಿಸಿ ಗುಟ್ಟಿನ ವರದಿಯೊಂದನ್ನು ಬರೆದರು. ಎಂಟು ಮಂದಿಗೆ ಒಟ್ಟು ಸುಮಾರು 14,000 ಏಟುಗಳು ಬಿದ್ದಿದ್ದುವೆಂದು ಅದರಲ್ಲಿ ಬರೆದಿತ್ತು.

ಇಲ್ಲಿಗೆ ನಿಲ್ಲಿಸಿ ಸ್ವಲ್ಪ ಯೋಚಿಸಿರಿ. ಸತ್ಯವು ಕೈಗೆ ಸಿಕ್ಕಿತ್ತು. ಲೆಕ್ಕವೂ ಸಿಕ್ಕಿತ್ತು. ವರದಿಯನ್ನು ಬರೆದವರು ಸುಳ್ಳನ್ನು ಬರೆಯಲಿಲ್ಲ, ಹುಡುಗರ ಮಾತನ್ನು ನಂಬದೆಯೂ ಇರಲಿಲ್ಲ. ಹೀಗಿದ್ದರೂ ಪೊಲೀಸರಿಗೆ ತಿಳಿಸಲಿಲ್ಲ. ಕಾಗದವು ಕೆಲವೇ ಮಂದಿಯ ಕೈಯಲ್ಲಿ ಉಳಿಯಿತು. ಹುಡುಗರ ಸಹವಾಸವನ್ನು ಬಿಡಬೇಕೆಂದು ಸ್ಮೈತನಿಗೆ ಹೇಳಿದ್ದಾಯಿತು. ಅವನು 1984ರಲ್ಲಿ ದೇಶವನ್ನೇ ಬಿಟ್ಟು ಆಫ್ರಿಕದ ಜಿಂಬಾಬ್ವೆಗೆ ಹೋದನು. ಸಂಕಟವು ತೊಲಗಿತೆಂದು ಇಲ್ಲಿಯವರು ನಿಟ್ಟುಸಿರು ಬಿಟ್ಟಿರಬೇಕು.

ಅಲ್ಲಿ ಅವನು ಮಾಡಿದ್ದೇನು? ಮತ್ತೆ ಹುಡುಗರ ಶಿಬಿರಗಳನ್ನೇ ಸ್ಥಾಪಿಸಿದನು. ಬೆತ್ತದ ಬದಲು ಮೇಜಿನಾಟದ ದಾಂಡು ಬಂತು, ಅಷ್ಟೇ ಭೇದ. 1992ರ ದಶಂಬರದಲ್ಲಿ ಅವನ ಶಿಬಿರದ ಈಜುಕೊಳದಲ್ಲಿ 16 ವರ್ಷದ ಹುಡುಗನೊಬ್ಬನ ಶವವು ಸಿಕ್ಕಿತು. ಮರುವರ್ಷ ಬುಲವಾಯೊ ಪಟ್ಟಣದ ಡೇವಿಡ್ ಕೋಲ್ಟಾರ್ಟ್ ಎಂಬ ವಕೀಲರು ತಾಯ್ತಂದೆಗಳ ದೂರುಗಳನ್ನು ಕೂಡಿಸಿ ನಿರ್ಭಯವಾಗಿ ವರದಿ ಬರೆದರು. ಮೊಕದ್ದಮೆಯೂ ಹೂಡಲ್ಪಟ್ಟಿತು, ಆದರೆ ತೀರ್ಪಿನ ತನಕ ಹೋಗದೆ ಬಿದ್ದುಹೋಯಿತು. ಸ್ಮೈತನು ಅಲ್ಲಿಂದ ದಕ್ಷಿಣ ಆಫ್ರಿಕಕ್ಕೆ ಹೋಗಿ ನೆಲೆಸಿದನು. 2013ರಲ್ಲಿ ಇಂಗ್ಲೆಂಡಿನ ಸಭೆಯ ಅತ್ಯುನ್ನತ ಅಧಿಕಾರಿಗಳಿಗೆ ವಿಷಯವು ತಿಳಿದರೂ ಸರಿಯಾದ ಕ್ರಮ ನಡೆಯಲಿಲ್ಲ. 2017ರಲ್ಲಿ ದೂರದರ್ಶನದವರು ಇದನ್ನು ಬಯಲಿಗೆಳೆದ ತರುವಾಯವೇ ಪೊಲೀಸರ ವಿಚಾರಣೆಯು ನಿಜವಾಗಿ ತೊಡಗಿತು. 2018ರ ಆಗಸ್ಟಿನಲ್ಲಿ ಅವನು ಯಾವ ನ್ಯಾಯಾಧೀಶನ ಮುಂದೆಯೂ ಉತ್ತರ ಕೊಡದೆ ಕೇಪ್ ಟೌನಿನಲ್ಲಿ ಸತ್ತನು. ಸಭೆಯು ನೇಮಿಸಿದ ಕೀತ್ ಮೇಕಿನ್ ಎಂಬವರ ವರದಿಯು 2024ರ ನವಂಬರ 7ರಂದು ಪ್ರಕಟವಾಯಿತು. ಎರಡು ಖಂಡಗಳಲ್ಲಿ ನೊಂದ ಹುಡುಗರ ಸಂಖ್ಯೆಯು ನೂರನ್ನು ಮಿಕ್ಕಿತ್ತು. ಅವರಲ್ಲಿ ಹೆಚ್ಚಿನವರು ಆಫ್ರಿಕದ ಮಕ್ಕಳು. ಐದು ದಿನಗಳ ಮೇಲೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು ರಾಜೀನಾಮೆಯನ್ನು ಪ್ರಕಟಿಸಿದರು. ಯೌವನದಲ್ಲಿ ಅವರೂ ಆ ಶಿಬಿರಗಳಲ್ಲಿ ಸೇವೆ ಮಾಡಿದವರೇ.

ಇಂಗ್ಲೆಂಡಿನವರು ಕಳುಹಿಸಿಬಿಟ್ಟ ಸಂಕಟವನ್ನು ಜಿಂಬಾಬ್ವೆಯ ತಾಯಂದಿರು ಹೊತ್ತರು ಎಂಬುದೇ ಈ ಪಾಠದ ತಿರುಳು. ಸೇವಕನು ನಮ್ಮ ಪಟ್ಟಿಯಿಂದ ಹೋದನು. ಮಕ್ಕಳ ನಡುವಿನಿಂದ ಹೋಗಲಿಲ್ಲ.

ಆ ಹಿರಿಯರು ದುಷ್ಟರಾಗಿದ್ದರೆ ನಮಗೆ ಕಲಿಯುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಅವರು ಪ್ರಾರ್ಥಿಸುವ ಸಜ್ಜನರಾಗಿದ್ದರು. ಸಂಗತಿಯು ಹೊರಬಿದ್ದರೆ ದೇವರ ಕೆಲಸಕ್ಕೆ ಕುಂದು ಬರುವುದೆಂದು ಹೆದರಿದರು. ನಮ್ಮಲ್ಲಿಯೂ ಇದನ್ನೇ ಹೇಳುವವರಿದ್ದಾರೆ: ಮಿಶನಿನ ಹೆಸರು ಕೆಡುವುದು, ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಪಶ್ಚಾತ್ತಾಪಪಟ್ಟಿದ್ದಾನೆ, ಕ್ಷಮಿಸುವುದು ನಮ್ಮ ಧರ್ಮವಲ್ಲವೇ? ಕ್ಷಮಿಸುವ ಅಧಿಕಾರವು ನೊಂದವರದು; ಕಮಿಟಿಯವರು ಕೂತು ಠರಾವು ಮಾಡಿ ಅದನ್ನು ಹಂಚಲಾಗದು. ನಮ್ಮ ಸಜ್ಜನಿಕೆಯ ಮೇಲೆ ನಮಗಿರುವ ಭರವಸೆಯು ಕೆಲವೊಮ್ಮೆ ದೊಡ್ಡ ಅಪಾಯವೆಂದು ನಾವು ಎಣಿಸುತ್ತೇವೆ. ಇದು ಪರದೇಶದ ರೋಗವೆಂದು ಯಾರೂ ತಿಳಿಯಬೇಡಿರಿ. ನಮ್ಮದೇ ಕರಾವಳಿಯ ಬಡಗಲಲ್ಲಿರುವ ಗೋವೆಯ ಮಡಗಾಂವಿನಲ್ಲಿ ಅನಾಥ ಬಾಲಕರ ಪೋಷಕನೆಂದು ಹೆಸರು ಪಡೆದಿದ್ದ ಫ್ರೆಡಿ ಪೀಟ್ಸ್ ಎಂಬವನು 1991ರಲ್ಲಿ ಸೆರೆಹಿಡಿಯಲ್ಪಟ್ಟು, ಆ ಬಾಲಕರ ಮೇಲಿನ ದೌರ್ಜನ್ಯಕ್ಕಾಗಿ 1996ರಲ್ಲಿ ಜೀವಾವಧಿ ಶಿಕ್ಷೆಯನ್ನು ಹೊಂದಿದನು.

ಹಾಗಾದರೆ ದೂರು ಬಂದಾಗ ಮಾಡತಕ್ಕದ್ದೇನು? ನಮ್ಮ ದೇಶದಲ್ಲಿ ಇದು ಈಗ ಅಭಿಪ್ರಾಯದ ಮಾತಲ್ಲ. 2012ರ ನವಂಬರ 14ರಿಂದ ಜಾರಿಯಲ್ಲಿರುವ, ಪೋಕ್ಸೋ ಎಂದು ಕರೆಯಲ್ಪಡುವ ಕಾಯಿದೆಯ ಪ್ರಕಾರ 18 ವರ್ಷ ತುಂಬದ ಹುಡುಗ ಹುಡುಗಿಯರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾವನೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ಅಪರಾಧವನ್ನು ತಿಳಿಸದೆ ಅಡಗಿಸಿದರೆ ಅವರಿಗೆ ಒಂದು ವರ್ಷದ ವರೆಗೆ ಸೆರೆವಾಸವೂ ದಂಡವೂ ಉಂಟು. ಸದ್ಭಾವದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡಲಾಗದು. ಮೊದಲು ನಾವೇ ಒಳಗೆ ವಿಚಾರಿಸಿ ನಿಜವೆಂದು ಕಂಡರೆ ಮುಂದೆ ನೋಡೋಣ ಎಂಬ ಪದ್ಧತಿಗೆ ಇಲ್ಲಿ ಎಡೆಯಿಲ್ಲ. ವಿಚಾರಣೆಯು ಪೊಲೀಸರ ಕೆಲಸ, ಅಪರಾಧಿಯೋ ನಿರಪರಾಧಿಯೋ ಎಂದು ಹೇಳುವುದು ನ್ಯಾಯಾಲಯದ ಕೆಲಸ. ದೂರಿಗೆ ಗುರಿಯಾದವನಿಗೂ ಇದೇ ನ್ಯಾಯದ ದಾರಿ.

ಶಿಬಿರದವರಿಗೆ ಇದರ ಮೇಲೂ ಕೆಲಸವಿದೆ. ಆ ಮನುಷ್ಯನು ಯಾವ ಯಾವ ವರುಷಗಳಲ್ಲಿ ಸೇವೆಯಲ್ಲಿದ್ದನು, ಆಗ ಯಾವ ಮಕ್ಕಳು ಬಂದಿದ್ದರು ಎಂಬ ಪಟ್ಟಿಗಳನ್ನು ಒಂದೂ ಹರಿಯದೆ ಒಪ್ಪಿಸಬೇಕು. ಆ ವರುಷಗಳ ತಾಯ್ತಂದೆಗಳಿಗೆ, ಪೊಲೀಸರ ಸಲಹೆ ಪಡೆದು, ದೂರಿತ್ತವರ ಹೆಸರು ತಿಳಿಯದ ಹಾಗೆ ಪತ್ರ ಬರೆಯಬೇಕು. ಅವನು ಈಗ ಬೇರೆ ಕಡೆ ಮಕ್ಕಳ ನಡುವೆ ಇರುವನೋ ಎಂಬುದನ್ನು ಪೊಲೀಸರ ಗಮನಕ್ಕೆ ತರಬೇಕು. ತೊಲಗಿದರೆ ಸಾಕೆಂದು ಸದ್ವರ್ತನೆಯ ಸರ್ಟಿಫಿಕೇಟು ಬರೆದುಕೊಡುವ ಕೈಯನ್ನು ನಾವು ಏನೆಂದು ಕರೆಯೋಣ? 2020ರ ನಿಯಮಗಳ ಪ್ರಕಾರ ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲಾ ಸಂಸ್ಥೆಗಳೂ ತಮ್ಮ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರೀಕ್ಷಿಸಬೇಕು. ನಿಮ್ಮ ಮಗಳನ್ನು ಕಳುಹಿಸುವ ಮುಂಚೆ ಇದನ್ನು ಮಾಡಿದ್ದೀರೋ ಎಂದು ಶಿಬಿರದವರನ್ನು ಕೇಳಿರಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಶಿಬಿರಕ್ಕೆ ಮಗಳನ್ನು ಕಳುಹಿಸದಿದ್ದರೆ ನಷ್ಟವಿಲ್ಲ.

ತಾಯಂದಿರೊಡನೆ ಒಂದು ಮಾತು. ಹುಡುಗಿಯು ಶಿಬಿರದಿಂದ ಬಂದು ಏನಾದರೂ ಹೇಳತೊಡಗಿದರೆ "ನೀನು ಯಾಕೆ ಅಲ್ಲಿಗೆ ಹೋದೆ?" ಎಂದು ಕೇಳಬೇಡಿರಿ. ನಾಳೆ ಇವಳ ಮದುವೆಯ ಗತಿಯೇನು, ನೆಂಟರು ಏನೆಂದಾರು ಎಂಬ ಭಯವು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮಗುವಿನ ಬಾಯನ್ನು ಮುಚ್ಚಿಸುತ್ತದೆ. ಆ ಭಯವನ್ನು ಬಲ್ಲವರೇ ಕಾಯಿದೆಯನ್ನು ಬರೆದಿದ್ದಾರೆ: ಮಗುವಿನ ಹೆಸರನ್ನು ಪತ್ರಿಕೆಗಳಲ್ಲಿ ಹೊರಗೆಡಹುವುದು ಅಪರಾಧ, ಹೇಳಿಕೆಯನ್ನು ಮನೆಯಲ್ಲಿಯೇ, ಸಾಧ್ಯವಾದ ಮಟ್ಟಿಗೆ ಸ್ತ್ರೀ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು, ತಾಯ್ತಂದೆಗಳ ಇಲ್ಲವೆ ಮಗುವು ನಂಬಿದವರ ಎದುರಿನಲ್ಲಿ ಬರೆದುಕೊಳ್ಳಬೇಕು, ಹುಡುಗಿಯನ್ನು ಪರೀಕ್ಷಿಸುವವರು ಸ್ತ್ರೀ ವೈದ್ಯರೇ ಆಗಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. 1098 ಎಂಬ ದೂರವಾಣಿಯು ಹಗಲೂ ರಾತ್ರಿಯೂ ತೆರೆದಿರುತ್ತದೆ, ಅದಕ್ಕೆ ಹಣವಿಲ್ಲ. ಈ ವರ್ಷದಿಂದ ಶಿಬಿರದ ಅನುಮತಿ ಪತ್ರದ ಹಿಂಬದಿಯಲ್ಲಿ ನಾವು ಆ ಸಂಖ್ಯೆಯನ್ನು ಅಚ್ಚು ಹಾಕಿಸಿದ್ದೇವೆ.

ಕಡೆಯದಾಗಿ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಾದರೂ ಇಪ್ಪತ್ತು ಮೂವತ್ತು ವರುಷಗಳಿಂದ ಇಂಥ ಭಾರವನ್ನು ಹೊತ್ತಿರಬಹುದು. ಯೂವರ್ನಿನ ಹುಡುಗರೂ ತಲೆ ನರೆಯುವ ತನಕ ಹೊತ್ತಿದ್ದರು. 2012ಕ್ಕೆ ಹಿಂದಿನ ಕೃತ್ಯಗಳು ಆಗಿನ ದಂಡಸಂಹಿತೆಗೆ ಒಳಪಡುತ್ತವೆ. ಮೂರು ವರ್ಷಕ್ಕಿಂತ ಹೆಚ್ಚಿನ ಸೆರೆವಾಸವುಳ್ಳ ಅಪರಾಧಗಳಿಗೆ ಕಾಲದ ಮಿತಿಯಿಲ್ಲ. ನೀವು ನೇರವಾಗಿ ಪೊಲೀಸರಿಗೆ ಹೇಳಬಹುದು. ನಮಗೆ ಬರೆದರೆ ಜೊತೆಯಲ್ಲಿ ಠಾಣೆಗೆ ನಾವೂ ಬರುವೆವು. ಆದರೆ ಬರೆಯುವ ಮೊದಲೇ ಇದನ್ನು ತಿಳಿದಿರಿ: ಸಂಗತಿಯನ್ನು ಗುಟ್ಟಾಗಿಡುತ್ತೇವೆಂದು ನಾವು ಮಾತು ಕೊಡಲಾರೆವು. ನಿಮ್ಮ ಹೆಸರನ್ನು ಮಾತ್ರ ಊರಿಗೆ ತಿಳಿಯಗೊಡೆವು.