ವಿಮಾನ ಮತ್ತು ಹಡಗುಗಳ ಮೂಕ ಸಂಭಾಷಣೆ

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೨೦೧೦ರಲ್ಲಿ ಅಮೆರಿಕದ ಬೋಯಿಂಗ್ ಕಂಪನಿಗೆ ಒಂದು ಉಪಕರಣವನ್ನು ಒಪ್ಪಿಸಿತು. ಅದರ ಹೆಸರು ‘ಡೇಟಾ ಲಿಂಕ್-೨’. ನಮ್ಮ ನೌಕಾಪಡೆಗಾಗಿ ಬೋಯಿಂಗ್ ತಯಾರಿಸುತ್ತಿದ್ದ ಪಿ-೮ಐ ಎಂಬ ಕಡಲ ಕಾವಲಿನ ವಿಮಾನಗಳಲ್ಲಿ ಅಳವಡಿಸಲು ಅದು ಬೇಕಾಗಿತ್ತು. ಆ ವಿಮಾನಗಳಲ್ಲಿ ಮೊದಲನೆಯದು ೨೦೧೩ರ ಮೇ ತಿಂಗಳಲ್ಲಿ ಅರಕ್ಕೋಣದ ರಾಜಾಳಿ ನೆಲೆಗೆ ಬಂದಿಳಿಯಿತು. ನಮ್ಮ ಬೇರಿಕೆಯಿಂದ ಒಂದು ಕಡೆಗೆ ಹೊರಟರೆ ಬೆಂಗಳೂರು, ಇನ್ನೊಂದು ಕಡೆಗೆ ಹೊರಟರೆ ಅರಕ್ಕೋಣ. ಇಷ್ಟು ಹತ್ತಿರದ ಸಂಗತಿಯಾದ್ದರಿಂದ ಈ ಉಪಕರಣ ಮಾಡುವ ಕೆಲಸವೇನೆಂಬುದನ್ನು ನಾವು ತಿಳಿದುಕೊಳ್ಳೋಣ.

ವಿಮಾನ, ಹಡಗು, ದಡದ ಕೇಂದ್ರ ಇವು ತಾವು ಕಂಡದ್ದನ್ನು ಪರಸ್ಪರ ತಿಳಿಸಬೇಕು. ಬಾಯಿಮಾತಿನ ರೇಡಿಯೋ ಇದೆಯಲ್ಲ, ಸಾಲದೇ ಎಂದು ಕೇಳಬಹುದು. ಗಂಟೆಗೆ ೯೦೦ ಕಿಲೋಮೀಟರ್ ವೇಗದ ವಿಮಾನವು ಸೆಕೆಂಡಿಗೆ ೨೫೦ ಮೀಟರ್ ಹೋಗುತ್ತದೆ. ಅದರ ಸ್ಥಾನವನ್ನು ಒಬ್ಬರು ಓದಿ ಹೇಳಿ, ಇನ್ನೊಬ್ಬರು ನಕ್ಷೆಯಲ್ಲಿ ಗುರುತು ಹಾಕಲು ೨೦ ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಅದು ೫ ಕಿಲೋಮೀಟರ್ ಮುಂದಕ್ಕೆ ಹೋಗಿರುತ್ತದೆ!

ವೇಗಕ್ಕಿಂತ ದೊಡ್ಡ ಪ್ರಶ್ನೆ ಮತ್ತೊಂದಿದೆ. ರೇಡಾರ್ ತೆರೆಯ ಮೇಲೆ ಕಾಣುವ ಚುಕ್ಕೆ ನಮ್ಮವರದೋ, ಶತ್ರುವಿನದೋ? ೨೦೧೯ರ ಫೆಬ್ರವರಿ ೨೭ರಂದು ಕಾಶ್ಮೀರದ ಬಡ್ಗಾಮ್‌ನಲ್ಲಿ ವಾಯುಪಡೆಯ ಎಂಐ-೧೭ ಹೆಲಿಕಾಪ್ಟರ್ ಬಿದ್ದು, ಅದರಲ್ಲಿದ್ದ ೬ ಮಂದಿಯೂ ನೆಲದ ಮೇಲಿದ್ದ ನಾಗರಿಕರೊಬ್ಬರೂ ಪ್ರಾಣ ಕಳೆದುಕೊಂಡರು. ಅದನ್ನು ಹೊಡೆದದ್ದು ನಮ್ಮದೇ ಕ್ಷಿಪಣಿ ಎಂದು ವಿಚಾರಣೆಯಲ್ಲಿ ತಿಳಿದುಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥರು ಇದು ದೊಡ್ಡ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. ಒಂದು ಯಂತ್ರವಿದ್ದರೆ ಇಂಥವೆಲ್ಲ ನಿಂತುಹೋಗುತ್ತವೆ ಎಂದು ನಾವು ಹೇಳುವುದಿಲ್ಲ. ಆದರೆ ‘ನಾನು ಇಂಥವನು, ಇಂಥ ಕಡೆ ಇದ್ದೇನೆ’ ಎಂದು ಪ್ರತಿಯೊಂದು ವಿಮಾನವೂ ತಾನಾಗಿಯೇ ಮತ್ತೆ ಮತ್ತೆ ಸಾರುತ್ತಿರುವ ಏರ್ಪಾಡು ಏತಕ್ಕೆ ಬೇಕು ಎಂಬುದು ಈ ಘಟನೆಯಿಂದ ಮನಸ್ಸಿಗೆ ನಾಟುತ್ತದೆ.

ನೌಕಾಪಡೆಯ ಜಾಲದ ಒಳವಿವರಗಳು ಗುಟ್ಟಿನವು, ಹಾಗಿರುವುದೇ ಸರಿ. ತತ್ತ್ವವನ್ನು ಅರಿಯಲು ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳು ಬಳಸುವ ‘ಲಿಂಕ್-೧೧’, ‘ಲಿಂಕ್-೧೬’ ಎಂಬ ಜಾಲಗಳನ್ನು ನೋಡಿದರೆ ಸಾಕು.

ಮೊದಲನೆಯದಾಗಿ ಭಾಷೆ. ನಮ್ಮ ಊರಿನ ಅಂಗಡಿಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುತ್ತವೆ. ಆದರೆ ಅಂಕಪಟ್ಟಿಯ ಗಣಿತದ ಸಾಲಿನಲ್ಲಿ ೭೨ ಎಂದಿದ್ದರೆ ಅದರ ಅರ್ಥ ಮೂವರಿಗೂ ಒಂದೇ. ಡೇಟಾ ಲಿಂಕಿನ ಸಂದೇಶವೂ ಹಾಗೆಯೇ ಅಂಕಿಗಳ ಪಟ್ಟಿ. ಇಂಥ ಸ್ಥಳದಲ್ಲಿ ಅಕ್ಷಾಂಶ, ಇಂಥ ಸ್ಥಳದಲ್ಲಿ ರೇಖಾಂಶ, ಮುಂದೆ ಎತ್ತರ, ವೇಗ, ಗುರುತು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಓದುವುದು ಗಣಕಯಂತ್ರ, ಮನುಷ್ಯನ ಕಣ್ಣಿಗೆ ಬೀಳುವುದು ಸಿದ್ಧವಾದ ಚಿತ್ರ.

ಎರಡನೆಯದು ಸರದಿ. ಎಲ್ಲರೂ ಒಟ್ಟಿಗೆ ಮಾತನಾಡಿದರೆ ಗದ್ದಲ. ಹಳೆಯ ಲಿಂಕ್-೧೧ರಲ್ಲಿ ಒಂದು ಮುಖ್ಯ ಕೇಂದ್ರವು ಒಬ್ಬೊಬ್ಬರನ್ನೇ ಕರೆಯುತ್ತದೆ, ಅವರು ಉತ್ತರಿಸುತ್ತಾರೆ. ಇದು ಥೇಟು ನಮ್ಮ ತರಗತಿಯ ಹಾಜರಿ. ಆದರೆ ಹಾಜರಿ ಕೂಗುವ ಗುರುಗಳೇ ಎದ್ದುಹೋದರೆ? ಲಿಂಕ್-೧೬ರಲ್ಲಿ ಕರೆಯುವವರೇ ಇಲ್ಲ. ಒಂದು ಸೆಕೆಂಡನ್ನು ೧೨೮ ಭಾಗ ಮಾಡಿ, ಯಾವ ಭಾಗ ಯಾರದೆಂದು ಮುಂಚೆಯೇ ಹಂಚಿರುತ್ತಾರೆ. ಒಂದು ಭಾಗವೆಂದರೆ ಸೆಕೆಂಡಿನ ಸಾವಿರದಲ್ಲಿ ೮ಕ್ಕಿಂತ ತುಸು ಕಡಿಮೆ. ಒಬ್ಬರ ಗಡಿಯಾರವನ್ನು ಪ್ರಮಾಣವೆಂದಿಟ್ಟುಕೊಂಡು ಉಳಿದವರೆಲ್ಲ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಯಾರದಾದರೂ ಗಡಿಯಾರ ಸೆಕೆಂಡಿನ ನೂರರಲ್ಲೊಂದು ಪಾಲು ತಪ್ಪಿದರೂ ಅವರು ಇನ್ನೊಬ್ಬರ ಸರದಿಯಲ್ಲಿ ಬಾಯಿ ಹಾಕಿದಂತೆಯೇ ಸರಿ. ಇನ್ನೊಂದು ಸೂಕ್ಷ್ಮವೂ ಇದೆ. ರೇಡಿಯೋ ಅಲೆ ಸೆಕೆಂಡಿಗೆ ೩ ಲಕ್ಷ ಕಿಲೋಮೀಟರ್ ಹೋದರೂ, ದೂರದವರನ್ನು ಮುಟ್ಟಲು ಅದಕ್ಕೂ ಕೊಂಚ ಹೊತ್ತು ಬೇಕು. ಆದ್ದರಿಂದ ಪ್ರತಿ ಸರದಿಯ ಕೊನೆಯಲ್ಲಿ ಸ್ವಲ್ಪ ಮೌನವನ್ನು ಉಳಿಸಿರುತ್ತಾರೆ. ಶತ್ರು ಕದ್ದು ಕೇಳದಂತೆ ಗೂಢಲಿಪಿಯನ್ನೂ, ಅಡ್ಡಿಮಾಡದಂತೆ ೫೧ ಆವರ್ತಗಳ ನಡುವೆ ನೆಗೆದಾಟವನ್ನೂ ಇಟ್ಟಿದ್ದಾರೆ.

ಮೂರನೆಯದು ದೂರ. ಈ ಜಾಲಗಳಲ್ಲಿ ಹೆಚ್ಚಾಗಿ ಬಳಸುವ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ಭೂಮಿಯಾದರೋ ಗುಂಡಗಿದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು ೪.೧೨ರಿಂದ ಗುಣಿಸಿದರೆ, ಅಲೆ ಮುಟ್ಟುವ ದಿಗಂತದ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. (ವರ್ಗಮೂಲ ಯಾವ ಕೆಲಸಕ್ಕೆ ಎಂದು ಗೊಣಗುವವರು ಗಮನಿಸಬೇಕು!) ೨೫ ಮೀಟರ್ ಎತ್ತರದ ಆಂಟೆನಾಕ್ಕೆ ಇದು ೨೦.೬ ಕಿಲೋಮೀಟರ್. ಅಂಥ ಎರಡು ಹಡಗುಗಳ ನಡುವೆ ಸುಮಾರು ೪೧ ಕಿಲೋಮೀಟರಿಗೇ ಸಂಪರ್ಕ ಮುಗಿಯಿತು. ೧೦,೦೦೦ ಮೀಟರ್ ಎತ್ತರದ ವಿಮಾನಕ್ಕಾದರೆ ೪೧೨ ಕಿಲೋಮೀಟರ್. ಹಡಗಿನ ಪಾಲನ್ನು ಕೂಡಿಸಿದರೆ ಸುಮಾರು ೪೩೩. ಆದ್ದರಿಂದಲೇ ಮೇಲಿರುವ ವಿಮಾನವು ಕೆಳಗಿನ ಹಡಗುಗಳ ಮಾತನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಬಲ್ಲದು. ಅದಕ್ಕೂ ಆಚೆಗೆ ಉಪಗ್ರಹವು ನೆರವಾಗುತ್ತದೆ. ನೌಕಾಪಡೆಗಾಗಿ ನಮ್ಮ ಇಸ್ರೋ ನಿರ್ಮಿಸಿದ ಜಿಸ್ಯಾಟ್-೭ ಉಪಗ್ರಹವು ೨೦೧೩ರ ಆಗಸ್ಟ್ ೩೦ರಂದು ಫ್ರೆಂಚ್ ಗಯಾನಾದಿಂದ ಉಡಾವಣೆಗೊಂಡಿತು. ಅದರ ನೆಲೆ ಸಮಭಾಜಕ ವೃತ್ತದ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ.

ಎಲ್ಲಕ್ಕಿಂತ ಕಠಿಣವಾದ ತೊಂದರೆಯೆಂದರೆ, ಜಾಲಕ್ಕೆ ನಿಜವೂ ಸುಳ್ಳೂ ಒಂದೇ. ಒಬ್ಬರು ಒಂದು ಚುಕ್ಕೆಗೆ ತಪ್ಪು ಗುರುತು ಹಾಕಿದರೆ ಅದೂ ಅಷ್ಟೇ ವೇಗದಲ್ಲಿ ಎಲ್ಲರ ತೆರೆಯ ಮೇಲೂ ಮೂಡುತ್ತದೆ. ಹಾಗಾಗಿ ಗುರುತು ಹಾಕುವ ಹೊಣೆಯನ್ನು ತರಬೇತಿ ಪಡೆದವರಿಗೇ ವಹಿಸುತ್ತಾರೆ.

ಈಗ ಒಂದು ಲೆಕ್ಕ. ವಿಮಾನ ೮,೧೦೦ ಮೀಟರ್ ಎತ್ತರದಲ್ಲಿದೆ, ಹಡಗಿನ ಆಂಟೆನಾ ೩೬ ಮೀಟರ್ ಎತ್ತರದಲ್ಲಿದೆ. ಎಷ್ಟು ದೂರದವರೆಗೆ ಅವು ನೇರವಾಗಿ ಮಾತನಾಡಬಲ್ಲವು? ಮನೆಯಲ್ಲಿ ಹಿರಿಯರನ್ನೂ ಕೂಡಿಸಿಕೊಂಡು ಮಾಡಿ ನೋಡಿರಿ.