ಮೊದಲು ಎರಡು ಮಡಿ ಮೆಂತ್ಯ

ತಮ್ಮಾ, ನೀನು ಮಿಲಿಟರಿಯಿಂದ ಊರಿಗೆ ಬಂದು ಆರು ತಿಂಗಳಾದವು. ರಾತ್ರಿ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ, ಹಗಲು ಕಟ್ಟೆಗೆ ಬಂದು ನಾಲ್ಕು ಮಂದಿಯ ಜೊತೆ ಕೂಡಲು ಮನಸ್ಸಿಲ್ಲ ಅಂತ ನಿಮ್ಮವ್ವ ಹೇಳಿದಳು. ಡಾಕ್ಟರು ಮಾತ್ರೆಯ ಜೊತೆಗೆ ಮಣ್ಣಿನ ಕೆಲಸವನ್ನೂ ಹೇಳಿದ್ದಾರಂತೆ. ಬಹಳ ಒಳ್ಳೆಯದು. ಆದರೆ ನೀನು ಬಂದ ಗಂಟನ್ನೆಲ್ಲ ಸುರಿದು ನಾಲ್ಕು ಎಕರೆ ಲಿಂಬೆ ಹಚ್ಚಲು ಹೊರಟಿದ್ದೀಯಂತೆ. ಅದನ್ನು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ಜವಾನ ಮರಳಿ ಬಂದರೆ ಕಿಸಾನನಾಗುವುದು ಇಂಡಿಯಿಂದ ಮುದ್ದೇಬಿಹಾಳದವರೆಗೂ ನಡೆದುಬಂದ ರೂಢಿ. ಆಲಮಟ್ಟಿ ಜಲಾಶಯಕ್ಕೆ ಯಾರ ಹೆಸರಿದೆಯೋ ಆ ಶಾಸ್ತ್ರಿಯವರು 1965ರಲ್ಲಿ ಇಬ್ಬರಿಗೂ ಒಟ್ಟಿಗೇ ಜೈ ಎಂದರು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿದೆ. ಎಲ್ಲ ನಿಜ. ಆದರೆ ಲಿಂಬೆ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಬೋರು ಬತ್ತಬಹುದು, ದರ ಬೀಳಬಹುದು. ಮೊದಲೇ ನಿದ್ದೆ ಕಳೆದುಕೊಂಡವನ ತಲೆಗೆ ದುಡ್ಡಿನ ಚಿಂತೆ ಬೇಡ. ಈಗ ನಿನಗೆ ಬೇಕಾದದ್ದು ಲೆಕ್ಕ ಬರೆಯದ ತೋಟ. ಹಿತ್ತಲಲ್ಲಿ ಎರಡು ಮಡಿ ಸಾಕು.

ಮಣ್ಣಿನ ಕೆಲಸದಿಂದ ಮನಸ್ಸು ಸುಧಾರಿಸುವುದು ಹೊಸ ವಿಚಾರವೇನಲ್ಲ. ಮಹಾಯುದ್ಧಗಳ ನಂತರ ಇಂಗ್ಲೆಂಡ್, ಅಮೆರಿಕಗಳಲ್ಲಿ ಗಾಯಾಳು ಸೈನಿಕರ ಆರೈಕೆಯಲ್ಲಿ ತೋಟದ ಕೆಲಸವೂ ಸೇರಿತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿಯೂ ತೋಟಗಾರಿಕೆ ಇದೆ.

ಮೆಂತ್ಯದಿಂದ ಶುರುಮಾಡು. ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ, ತಿಂಗಳೊಳಗೆ ಪಲ್ಯಕ್ಕೆ ಬರುತ್ತದೆ. ಬೇಗ ಕಾಣುವ ಬೆಳೆಯೇ ನಿನಗೆ ಬೇಕು. ಪಕ್ಕದ ಮಡಿಗೆ ಮೂಲಂಗಿ ಹಾಕು. ಪಲ್ಟನ್ನಿನಲ್ಲಿ ಮುಂಜಾನೆಯ ಹಾಜರಿ ಇತ್ತಲ್ಲ, ಇಲ್ಲಿ ಆರು ಗಂಟೆಗೆ ನೀರು ಕೊಡುವುದೇ ಹಾಜರಿ. ಎಳೆ ಬಿಸಿಲು, ಮೈಗೆ ತುಸು ದಣಿವು, ಇವೆರಡೂ ರಾತ್ರಿಯ ನಿದ್ದೆಗೆ ನೆರವಾಗುತ್ತವೆ. ಒಂಬತ್ತರ ಮೇಲೆ ಬೇಸಿಗೆಯಲ್ಲಿ ಹೊರಗೆ ನಿಲ್ಲಬೇಡ. ಕೆಲವು ಮಾತ್ರೆಗಳಿಗೆ ನಮ್ಮ ಕಡೆಯ ಬಿಸಿಲು ಆಗಿಬರುವುದಿಲ್ಲ, ಡಾಕ್ಟರನ್ನು ಕೇಳಿಕೋ. ಮನಸ್ಸು ಹಗುರಾಯಿತೆಂದು ನೀನಾಗಿಯೇ ಮಾತ್ರೆ ಬಿಡಲೂಬೇಡ.

ನಿನ್ನ ಕಾಲಿಗೆ ರಾಡ್ ಹಾಕಿದ್ದಾರೆ. ನಮ್ಮ ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ತೊಯ್ದರೆ ಜಾರುತ್ತದೆ, ಕೆರವಿಗೆ ಮೆತ್ತಿಕೊಂಡು ಕಾಲು ಭಾರವಾಗುತ್ತದೆ. ಮಡಿಗಳ ನಡುವೆ ಗರಸು ಹಾಕಿ ಗಟ್ಟಿಯಾಗಿ ದಾರಿ ಮಾಡಿಸು. ಬಗ್ಗಲು ನೋವಾದರೆ ಹಳೇ ಬ್ಯಾರಲ್ ಸೀಳಿಸಿ, ಕಲ್ಲಿನ ಮೇಲೆ ಸೊಂಟದೆತ್ತರಕ್ಕೆ ಇಟ್ಟು, ತಳಕ್ಕೆ ತೂತು ಹಾಕಿ, ಎರೆಮಣ್ಣಿಗೆ ಉಸುಕು, ತಿಪ್ಪೆಗೊಬ್ಬರ ಬೆರೆಸಿ ತುಂಬು. ಗಾಲಿಕುರ್ಚಿಯವರಿಗೆ ತುಸು ತಗ್ಗಿಸಿ ಇಡಬೇಕು, ಅಷ್ಟೇ.

ಇವನ ಜೊತೆ ಮನೆಯಲ್ಲಿರುವ ತಂಗೀ, ನಿನಗೂ ಎರಡು ಮಾತು. ಹೊಲಕ್ಕೆ ಹೊಡೆಯುವ ಎಣ್ಣೆಯ ಬಾಟಲಿ ಒಂದೂ ಮನೆಯಲ್ಲಿ ಇರಕೂಡದು. ಈ ಮಡಿಗಳಿಗೆ ಅದು ಬೇಕಾಗಿಯೇ ಇಲ್ಲ, ಮನಸ್ಸು ಕುಗ್ಗಿದ ಗಳಿಗೆಯಲ್ಲಿ ಅದು ಕೈಗೆ ಸಿಗಬಾರದು. ಇನ್ನೊಂದು, ಜೋಳ ಹಾಲುಗಾಳು ಕಟ್ಟುವಾಗ ಹಕ್ಕಿ ಓಡಿಸಲು ಪಟಾಕಿ ಸಿಡಿಸುತ್ತಾರೆ. ಆ ಸದ್ದಿಗೆ ಇವನು ಬೆಚ್ಚಿಬೀಳುವುದನ್ನು ನೀನೇ ಕಂಡಿದ್ದೀ. ಆಜುಬಾಜು ಹೊಲದವರಿಗೆ ಹೇಳು, ಡಬ್ಬಿ ಬಡಿಯಲಿ, ಕವಣೆ ಬೀಸಲಿ. ಕೇಳದಿದ್ದರೆ ನನಗೆ ಹೇಳು, ನಾನು ಹೋಗಿ ಮಾತಾಡುತ್ತೇನೆ.

ತಮ್ಮಾ, ಒಬ್ಬನೇ ಕೂತು ಕಳೆ ಕೀಳಬೇಡ. ಸಿಂದಗಿ, ಬಸವನ ಬಾಗೇವಾಡಿ ಕಡೆಯ ನಿನ್ನ ಜೊತೆಗಾರರಿಗೆ ಫೋನ್ ಮಾಡು, ರವಿವಾರ ಬರಲಿ. ಯುದ್ಧದ ಮಾತು ತೆಗೆಯಲೇಬೇಕೆಂದಿಲ್ಲ, ಮೂಲಂಗಿ ಕಿತ್ತು ರೊಟ್ಟಿ ಜೊತೆ ತಿಂದರೆ ಸಾಕು. ಮಾತು ತಾನಾಗಿ ಬಂದರೆ ಬರಲಿ. ಮಿಲಿಟರಿ ಕ್ಯಾಂಟೀನಿನ ಸೆರೆ ಬಾಟಲಿ ಮಾತ್ರ ಆ ಹಿತ್ತಲಿಗೆ ಬರಬಾರದು.

ರಾತ್ರಿ ತೀರಾ ಭಾರವಾದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಲಿಂಬೆಯ ಮಾತು ಎರಡು ವರ್ಷ ಕಳೆದ ಮೇಲೆ ಆಡೋಣ, ಸಸಿ ಆರಿಸಲು ನಾನೇ ಬರುತ್ತೇನೆ. ಇವತ್ತು ರಾತ್ರಿ ಒಂದು ಹಿಡಿ ಮೆಂತ್ಯ ನೆನೆಹಾಕು.