ಬೆಲೆ ಹೇಳುವುದು ಮೃದುತ್ವವನ್ನು

ಅಮೆರಿಕದ ಮಾಂಸದಂಗಡಿಯಲ್ಲಿ ಸ್ಟೇಕ್ ಕೊಳ್ಳುವವರು ಹೆಚ್ಚಾಗಿ ಬೆಲೆ ನೋಡಿಯೇ ಯಾವುದು ಒಳ್ಳೆಯದೆಂದು ತೀರ್ಮಾನಿಸುತ್ತಾರೆ. ಅಲ್ಲಿ ಸಿಗುವ ದನದ ಮಾಂಸದ ಹಲವು ಭಾಗಗಳನ್ನು ಬೇಯಿಸಿ ನೋಡಿದ ಮೇಲೆ ನನ್ನ ನಂಬಿಕೆ ಬೇರೆ: ಆ ಬೆಲೆ ಮುಖ್ಯವಾಗಿ ಮೃದುತ್ವದ್ದು, ರುಚಿಯದ್ದಲ್ಲ. ಟೆಂಡರ್‌ಲಾಯಿನ್ ಬೆನ್ನುಮೂಳೆಯ ಒಳಬದಿಗೆ ಅಂಟಿಕೊಂಡಿರುವ ಸ್ನಾಯು. ದನ ನಡೆದಾಡುವಾಗ ಅದಕ್ಕೆ ಹೆಚ್ಚು ದುಡಿಮೆಯಿಲ್ಲ, ಒಂದು ದನದಲ್ಲಿ ಸಿಗುವುದೂ ಸ್ವಲ್ಪವೇ. ಅದಕ್ಕೇ ಅದು ಮೆತ್ತಗೆ, ಅದಕ್ಕೇ ದುಬಾರಿ. ಕೊಬ್ಬು ಕಡಿಮೆಯಿರುವುದರಿಂದ ರುಚಿ ಮಾತ್ರ ಸೌಮ್ಯ. ಎದೆಯ ಬ್ರಿಸ್ಕೆಟ್, ಹೆಗಲಿನ ಚಕ್ ಮೈಭಾರ ಹೊತ್ತು ದುಡಿದ ಭಾಗಗಳು. ಅವುಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಜಾಸ್ತಿ, ಮಾಂಸದ ಸ್ವಾದವೂ ಗಾಢ.

ಹೀಗಾಗಿ ಯಾವುದು ಶ್ರೇಷ್ಠ ಎಂದು ಕೇಳುವ ಬದಲು ಯಾವುದಕ್ಕೆ ಎಂಥ ಉರಿ ಎಂದು ಕೇಳಬೇಕು. ಮೃದು ಭಾಗಕ್ಕೆ ಜೋರು ಉರಿ, ಕಡಿಮೆ ಹೊತ್ತು; ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಮಧ್ಯ ಕೆಂಪಾಗಿ, ರಸವತ್ತಾಗಿ ಉಳಿಯುತ್ತದೆ. ಕೊಲಾಜೆನ್ ಕರಗಿ ಜೆಲಟಿನ್ ಆಗಲು 70 ಡಿಗ್ರಿಗೂ ಮೀರಿದ ಶಾಖ ಗಂಟೆಗಟ್ಟಲೆ ಬೇಕು. ಕಾಲು ಸೂಪನ್ನು ಸಣ್ಣ ಉರಿಯಲ್ಲಿ ಕುದಿಸುವ ನಮ್ಮ ಮನೆಗಳಲ್ಲಿ ಈ ತಿಳಿವಳಿಕೆ ಮೊದಲಿನಿಂದಲೂ ಇದೆ. ಹೊಟ್ಟೆಯ ಕಡೆಯ ಫ್ಲ್ಯಾಂಕ್ ಇವೆರಡಕ್ಕೂ ನಡುವಿನದು: ಜೋರು ಉರಿಯಲ್ಲಿ ಬೇಗ ಸುಟ್ಟು, ಉದ್ದನೆಯ ನಾರಿಗೆ ಅಡ್ಡವಾಗಿ ತೆಳ್ಳಗೆ ಕೊಯ್ದರೆ ಅಗಿಯಲು ಕಷ್ಟವಾಗದು. ನಾರಿನ ಉದ್ದಕ್ಕೇ ಕೊಯ್ದರೆ ಎಷ್ಟು ಚೆನ್ನಾಗಿ ಬೇಯಿಸಿದ್ದರೂ ವ್ಯರ್ಥ.

ರಿಬ್‌ಐ ದುಬಾರಿಯೂ ಹೌದು, ರುಚಿಯೂ ಹೌದಲ್ಲ ಎಂದು ಯಾರಾದರೂ ಕೇಳಬಹುದು. ಆ ಮಾತು ನಿಜ. ಮಾಂಸದೊಳಗೆ ಎಳೆಎಳೆಯಾಗಿ ಹರಡಿದ ಕೊಬ್ಬು ಸ್ವಾದ ಕೊಡುತ್ತದೆ. ಅಮೆರಿಕದ ಕೃಷಿ ಇಲಾಖೆ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ದರ್ಜೆ ಕೊಡುವಾಗ ಮುಖ್ಯವಾಗಿ ನೋಡುವುದೂ ಅದನ್ನೇ. ಆದರೆ ಕೊಬ್ಬು ರಿಬ್‌ಐಯ ಸ್ವತ್ತಲ್ಲ, ಅಗ್ಗದ ಚಕ್‌ನಲ್ಲೂ ಅದು ಧಾರಾಳವಾಗಿದೆ. ಇನ್ನು, ಮಧ್ಯ ಕೆಂಪಗಿರುವ ಮಾಂಸ ಅಪಾಯವೆಂಬ ಆತಂಕವನ್ನು ಹಗುರವಾಗಿ ತಳ್ಳಿಹಾಕಲಾರೆ. ಒಸರುವ ಕೆಂಪು ರಸ ರಕ್ತವಲ್ಲ, ಮಯೋಗ್ಲೋಬಿನ್ ಬೆರೆತ ನೀರು. ಇಡೀ ತುಂಡಿನಲ್ಲಿ ರೋಗಾಣುಗಳು ಇರುವುದು ಬಹುಮಟ್ಟಿಗೆ ಮೇಲ್ಮೈಯಲ್ಲಿ. ಹಾಗಿದ್ದರೂ ಅದೇ ಇಲಾಖೆ ಇಡೀ ತುಂಡಿಗೆ 63 ಡಿಗ್ರಿ ಮತ್ತು 3 ನಿಮಿಷದ ವಿರಾಮ, ಖೀಮಾಕ್ಕೆ 71 ಡಿಗ್ರಿ ಎನ್ನುತ್ತದೆ. ಗರ್ಭಿಣಿಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಬಡಿಸುವಾಗ ರುಚಿಯ ವಾದವನ್ನು ಬದಿಗಿಟ್ಟು ಅದನ್ನೇ ಪಾಲಿಸಬೇಕು.

ದುಡಿದ ಭಾಗವೆಲ್ಲ ಗಟ್ಟಿ ಎಂಬ ನಿಯಮವನ್ನೂ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಚಕ್ ಒಂದೇ ಸ್ನಾಯುವಲ್ಲ, ಹಲವು ಸ್ನಾಯುಗಳ ಕಟ್ಟು. ನೆಬ್ರಾಸ್ಕಾ ಮತ್ತು ಫ್ಲಾರಿಡಾ ವಿಶ್ವವಿದ್ಯಾಲಯಗಳ ಸಂಶೋಧಕರು ಅವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದಾಗ, ಹೆಗಲಿನ ಒಂದು ಸ್ನಾಯು ಮೃದುತ್ವದಲ್ಲಿ ಟೆಂಡರ್‌ಲಾಯಿನ್‌ಗೆ ಹತ್ತಿರ ನಿಂತಿತು. ಅದರ ನಡುವೆ ಹಾದುಹೋಗುವ ದಪ್ಪ ನಾರಿನ ಪದರವನ್ನು ಬಿಡಿಸಿ ತೆಗೆದರೆ ಸಾಕು. ಫ್ಲ್ಯಾಟ್ ಐರನ್ ಎಂಬ ಹೆಸರಿನಲ್ಲಿ ಅದು ಈಗ ಅಂಗಡಿಗಳಲ್ಲಿ ಸಿಗುತ್ತದೆ, ಟೆಂಡರ್‌ಲಾಯಿನ್‌ಗಿಂತ ಎಷ್ಟೋ ಕಡಿಮೆ ಬೆಲೆಗೆ.